ಯಾರೂ ಒತ್ತದ ಫೋಟೋ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಹುಡುಗಿಯ ಫೋಟೋ ಕೈಗೆ ತೆಗೆದುಕೊಂಡ ಕೂಡಲೇ ಮುಖ ನೋಡುವುದಿಲ್ಲ, ತಿರುಗಿಸಿ ಬೆನ್ನು ನೋಡುತ್ತಾರೆ. ಕ್ಯಾಮೆರಾದ ಗುಂಡಿ ಒತ್ತಿದವರ ಹೆಸರು ಅಲ್ಲಿ ಬರೆದಿರುತ್ತದೆ, ನಮ್ಮಲ್ಲಿ ಫೋಟೋ ಬರುವುದು ಒತ್ತಿದವರ ಮನಸ್ಸಿಗೆ ಕಂಡ ಹಾಗೆ. ತಾಯಿ ಒತ್ತಿದ್ದರೆ ಹುಡುಗಿ ಚಿನ್ನದ ಗೊಂಬೆ. ಹೆತ್ತವರಿಗೆ ಹೆಗ್ಗಣ ಮುದ್ದು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅತ್ತಿಗೆ ಒತ್ತಿದ್ದರೆ ಅದೇ ಹುಡುಗಿಗೆ ಹಲ್ಲು ಮುಂದೆ, ಕೂದಲು ಹಿಂದೆ. ಬುದ್ಧಿವಂತರು ಎರಡನ್ನೂ ಅಕ್ಕಪಕ್ಕ ಇಟ್ಟು, ಇವೆರಡರ ನಡುವೆ ಎಲ್ಲೋ ಒಬ್ಬ ಹುಡುಗಿ ಇರಬೇಕು ಅಂದುಕೊಂಡು ಕಾಫಿ ಕುಡಿದು ಹೋಗುತ್ತಾರೆ. ಹೊಸದಾಗಿ ಮದುವೆಯಾದವರು ಒಬ್ಬರನ್ನೊಬ್ಬರು ಫೋಟೋ ಹಿಡಿಯಬೇಡಿ ಎಂದು ಹಿರಿಯರು ಬುದ್ಧಿ ಹೇಳಿ ಕಳಿಸುತ್ತಾರೆ. ಹಳೆಯ ಗಂಡಹೆಂಡಿರಂತೂ ಕ್ಯಾಮೆರಾ ಇರುವ ಕಡೆ ಸುಳಿಯುವುದೇ ಇಲ್ಲ. ನನ್ನ ಯಜಮಾನರು ತೀರಿಕೊಳ್ಳುವ ಮುಂಚೆ ಒಮ್ಮೆ ನನ್ನ ಫೋಟೋ ಒತ್ತಿದ್ದರು. ಅದರಲ್ಲಿ ನನ್ನ ಬಾಯಿ ಮುಖಕ್ಕಿಂತ ದೊಡ್ಡದಿದೆ. ಕಟ್ಟು ಹಾಕಿಸಿ ಅಂಗಡಿಯಲ್ಲೇ ತೂಗುಹಾಕಿದ್ದೇನೆ. ಸುಳ್ಳೇನೂ ಅಲ್ಲವಲ್ಲ.

ನಾನು ಇಂದುಮತಿ. ಸಂತೆ ಬೀದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಟೀವಿ, ರಿಮೋಟು, ಬಾಯಿ ಮುಚ್ಚಿದ ರೇಡಿಯೋ, ಬಾಯಿ ಮುಚ್ಚದ ಕರೆಗಂಟೆ, ಎಲ್ಲ ನನ್ನ ಹತ್ತಿರವೇ ಬರುತ್ತವೆ. ಈ ಸಂಗತಿಯನ್ನು ಹೇಳುವಾಗ ಸ್ವಲ್ಪ ಸಮಾಧಾನದಿಂದ ಹೇಳಿ ಅಂತ ಹಲವರು ನನಗೆ ಹೇಳಿದ್ದಾರೆ. ಸಮಾಧಾನ ಅವರ ಹತ್ತಿರವೇ ಇರಲಿ, ಉಪ್ಪಿನಕಾಯಿ ಹಾಕಿಕೊಳ್ಳಲಿ.

ಮನೆ ಫೋಟೋಗಳ ಮಾತು ಹಾಗಾಯಿತು. ಕಚೇರಿಯ ಕೆಲಸಕ್ಕೆ ಏನು ಮಾಡುವುದು? ಅದಕ್ಕೆ ಪುರಸಭೆಯವರು ನಮ್ಮ ತಾತಂದಿರ ಕಾಲದಲ್ಲೇ ಒಂದು ವ್ಯವಸ್ಥೆ ಮಾಡಿಟ್ಟಿದ್ದಾರೆ. ಸರ್ಕಾರಿ ಫೋಟೋ ಒತ್ತಲು ಒಬ್ಬರೇ ಒಬ್ಬರು. ಆ ಮನುಷ್ಯನಿಗೆ ಊರಲ್ಲಿ ಯಾರ ಮೇಲೂ ಮನಸ್ಸಿರಬಾರದು. ಕೆಲಸಕ್ಕೆ ಸೇರುವ ದಿನ ಪ್ರಮಾಣ ಮಾಡುತ್ತಾನೆ. ಆಮೇಲೆ ಪ್ರತಿ ಫೋಟೋಗೆ ಮುಂಚೆ ಚೊಂಬಿನ ನೀರಿನಲ್ಲಿ ಕೈ ತೊಳೆದುಕೊಂಡು, "ನನಗೆ ಯಾರೂ ಬೇಕಾದವರಲ್ಲ, ಯಾರೂ ಬೇಡದವರಲ್ಲ" ಅಂತ ಗಟ್ಟಿಯಾಗಿ ಹೇಳಿ, ಕೈ ಒರೆಸಿಕೊಂಡು ಒತ್ತುತ್ತಾನೆ. ಅವನು ಒತ್ತಿದ್ದು ಪ್ರಮಾಣ. ಅದರ ಮೇಲೆ ಮಾತಿಲ್ಲ. ಊರಿನವರು ಆ ಕೆಲಸದವನನ್ನು ಸರ್ಕಾರಿ ಕಣ್ಣು ಅನ್ನುತ್ತಾರೆ. ಈಗ ಹಲವು ವರ್ಷಗಳಿಂದ ಆ ಕಣ್ಣು ನಿರಂಜನಮೂರ್ತಿ.

ನಿರಂಜನಮೂರ್ತಿ ಕೆಟ್ಟ ಮನುಷ್ಯನೇನಲ್ಲ. ಕೆಟ್ಟವನಾಗಿದ್ದರೆ ನನಗೆ ಕೆಲಸ ಸುಲಭವಾಗುತ್ತಿತ್ತು, ನಾಲ್ಕು ಬೈದು ಬರುತ್ತಿದ್ದೆ. ಇವನು ಇರುವೆ ತುಳಿಯದೆ ನಡೆಯುವ ಪೈಕಿ. ಲಂಚ ಮುಟ್ಟುವವನಲ್ಲ, ಎತ್ತರದ ದನಿಯಲ್ಲಿ ಮಾತಾಡಿದವನಲ್ಲ. ಅವನು ಒತ್ತಿದ ಪಡಿತರ ಚೀಟಿಯ ಫೋಟೋದಲ್ಲಿ ಪೇಟೆ ಬೀದಿಯ ವರ್ತಕರು ಇರುವ ಹಾಗೇ ಇರುತ್ತಾರೆ. ರಿಪೇರಿಯವರು, ದರ್ಜಿಗಳು, ಗಾಡಿಯವರು ಸ್ವಲ್ಪ ಕಳ್ಳರ ಹಾಗೆ ಕಾಣುತ್ತೇವೆ. ಕೆರೆಯಾಚೆಯ ಕೇರಿಯವರು ಮಾತ್ರ ಯಾವಾಗಲೂ ಕುಗ್ಗಿ, ಮಬ್ಬಾಗಿ, ಕೊಳೆಯಾಗಿ ಬರುತ್ತಾರೆ, ಅವರ ಮನೆಗಳ ಗೋಡೆ ಕೂಡ ಇರುವುದಕ್ಕಿಂತ ಗಿಡ್ಡವಾಗಿ ಬರುತ್ತದೆ. ಇದನ್ನು ಊರೆಲ್ಲ ನೋಡಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಸರ್ಕಾರಿ ಕಣ್ಣಿಗೆ ಮನಸ್ಸಿಲ್ಲ ಅಂದ ಮೇಲೆ ಅವರು ಇರುವುದೇ ಹಾಗೆ ಇರಬೇಕು ಅಂತ ಎಲ್ಲರೂ ತೀರ್ಮಾನ ಮಾಡಿಕೊಂಡಿದ್ದರು.

ಸಣ್ಣೀರಮ್ಮ ಆ ಕೇರಿಯ ಹೆಂಗಸು. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಾಳೆ. ನನಗಿಂತ ಹಿರಿಯಳು, ನಾನು ಸಣ್ಣೀರಕ್ಕ ಅನ್ನುತ್ತೇನೆ. ಶಾಲೆಯ ರುಬ್ಬುವ ಯಂತ್ರ ಕೆಟ್ಟಾಗಲೆಲ್ಲ ನಾನು ಅಲ್ಲಿಗೆ ಹೋಗಿ ಕೂತು ರಿಪೇರಿ ಮಾಡುವವಳು. ಆದ್ದರಿಂದ ಆ ಅಡುಗೆಮನೆ ನನಗೆ ನನ್ನ ಅಂಗಡಿಗಿಂತ ಚೆನ್ನಾಗಿ ಗೊತ್ತು. ಅಕ್ಕಿಯನ್ನು ಮೂರು ನೀರಿನಲ್ಲಿ ತೊಳೆಯುತ್ತಾಳೆ. ಸೌಟುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಮೊಳೆಗೆ ತಗುಲಿಸುತ್ತಾಳೆ, ಒಂದು ಹಿಂದುಮುಂದಾದರೂ ಅವಳಿಗೆ ಕೈ ಓಡುವುದಿಲ್ಲ. ಒಮ್ಮೆ ನಾನು ಎಣ್ಣೆಗೈಯಲ್ಲಿ ನೀರಿನ ಕೊಳಗ ಮುಟ್ಟಿದೆ ಅಂತ, "ಆಚೆಗೆ ನಡಿ ಇಂದಮ್ಮ, ಮಕ್ಳು ಕುಡಿಯೋ ನೀರು ಅದು" ಅಂತ ನನ್ನನ್ನೇ ಹೊರಗೆ ಹಾಕಿದ್ದಳು.

ಅಂಥ ಅಡುಗೆಮನೆಯ ಫೋಟೋ ಒಂದು ಬೆಳಿಗ್ಗೆ ಪುರಸಭೆಯ ಹಲಗೆಯ ಮೇಲೆ ಬಂತು. ಯಾರೋ ಅರ್ಜಿ ಹಾಕಿದ್ದರಂತೆ, ಅಡುಗೆ ಶುಚಿಯಾಗಿಲ್ಲ ಅಂತ. ನಿರಂಜನಮೂರ್ತಿ ಹೋಗಿ ಒತ್ತಿ ಬಂದಿದ್ದ. ಫೋಟೋದಲ್ಲಿ ಗೋಡೆಯ ತುಂಬ ಜೇಡರ ಬಲೆ. ಅನ್ನದ ಮೇಲೆ ನೊಣ. ನಡುವೆ ಸಣ್ಣೀರಕ್ಕ, ಹೌದೋ ಅಲ್ಲವೋ ಅನ್ನುವ ಹಾಗೆ, ಸೀರೆ ಜಿಡ್ಡು ಜಿಡ್ಡು, ಉಗುರಿನ ತುಂಬ ಮಣ್ಣು, ಆ ಉಗುರು ಅನ್ನದಲ್ಲಿ. ಕೆಳಗೆ ಒಂದು ಸಾಲು: ಸೋಮವಾರ ಸಭೆಯಲ್ಲಿ ವಿಚಾರಣೆ ನಡೆಸಿ ಅಡುಗೆಯವಳನ್ನು ತೆಗೆದುಹಾಕುವ ಬಗ್ಗೆ ನಿರ್ಧರಿಸಲಾಗುವುದು. ಹಲಗೆಯ ಮುಂದೆ ನಿಂತವರೆಲ್ಲ ಲೊಚಗುಟ್ಟುತ್ತಿದ್ದರು. ಅದೇ ಅನ್ನ ತಿಂದು ಬೆಳೆದ ಒಬ್ಬ ಗಂಡಸು, "ಛೆ, ಇಷ್ಟು ದಿನ ಇದನ್ನೇ ತಿಂದೆವಲ್ಲ" ಅಂದ. ನನ್ನ ಮೈಯೆಲ್ಲ ಉರಿದುಹೋಯಿತು. ತಿಂದವನು ನೀನು, ನಾಲಿಗೆ ನಿನ್ನದು, ಆ ನಾಲಿಗೆಗಿಂತ ಇನ್ನೊಬ್ಬನ ಫೋಟೋ ಹೆಚ್ಚಾಯಿತೇ ನಿನಗೆ? ಕೇಳಿಯೇಬಿಟ್ಟೆ. ಅವನು ಬಸ್ಸಿಗೆ ಹೊತ್ತಾಯಿತು ಅಂತ ಹೊರಟುಹೋದ. ನಮ್ಮ ಊರಿಗೆ ಆ ಹೊತ್ತಿನಲ್ಲಿ ಬಸ್ಸೇ ಇಲ್ಲ.

ಅಲ್ಲಿಂದ ನೇರವಾಗಿ ನಿರಂಜನಮೂರ್ತಿಯ ಕೋಣೆಗೆ ನುಗ್ಗಿದೆ. "ಏನ್ರೀ ಇದು? ಆ ಅಡುಗೆಮನೆಯಲ್ಲಿ ಜೇಡರ ಬಲೆ ಎಲ್ಲಿದೆ, ತೋರಿಸಿ ಬನ್ನಿ."

ಅವನು ಎದ್ದು ನಿಂತು ನನಗೆ ಕುರ್ಚಿ ಕೊಟ್ಟ. "ನಾನೇನು ಮಾಡಲಿ, ಇಂದುಮತಿಯವರೇ. ಬಂದದ್ದು ಬಂದಿದೆ. ಕೈ ತೊಳೆದೇ ಒತ್ತಿದೆ. ಆಕೆ ನನಗೆ ಬೇಕಾದವಳೂ ಅಲ್ಲ, ಬೇಡದವಳೂ ಅಲ್ಲ."

"ಅಲ್ಲಿ ಹೋದಾಗ ಸಣ್ಣೀರಕ್ಕ ನಿಮಗೆ ನೀರು ಕೊಟ್ಟಿರಬೇಕಲ್ಲ. ಕುಡಿದಿರಾ?"

"ನಾನು ಹೊರಗೆ ಎಲ್ಲೂ ನೀರು ಕುಡಿಯೋದಿಲ್ಲ."

"ನನ್ನ ಅಂಗಡಿಯಲ್ಲಿ ಹೋದ ವಾರ ಚಹಾ ಕುಡಿದಿರಲ್ಲ."

ಅವನು ಸ್ವಲ್ಪ ಯೋಚಿಸಿ, "ಅದು ಬೇರೆ" ಅಂದ. ನಿಜವಾಗಿಯೂ ಯೋಚಿಸಿ ಅಂದ, ಅದನ್ನೇ ನನಗೆ ತಡೆಯಲಾಗಲಿಲ್ಲ. ಆ ಮನುಷ್ಯನಿಗೆ ತನ್ನೊಳಗೆ ಏನಿದೆ ಅನ್ನುವುದೇ ಗೊತ್ತಿಲ್ಲ. ಖಾಲಿ ಅಂದುಕೊಂಡಿರುವ ಡಬ್ಬಿಯನ್ನು ಒಮ್ಮೆಯಾದರೂ ಮುಚ್ಚಳ ತೆಗೆದು ನೋಡಿದ್ದರೆ ತಾನೇ.

ನಾನು ಮಾಡಿದ ಮೊದಲ ಕೆಲಸ ದಡ್ಡತನದ್ದು. ನಾನೇ ಹೋಗಿ ಆ ಅಡುಗೆಮನೆಯ ಫೋಟೋ ಒತ್ತಿ ಪುರಸಭೆ ಅಧ್ಯಕ್ಷ ಹಾಲೇಶಪ್ಪನವರ ಮೇಜಿನ ಮೇಲೆ ಇಟ್ಟೆ. ನನ್ನ ಫೋಟೋದಲ್ಲಿ ಒಲೆಯ ಬೂದಿ ಕೂಡ ಬೆಳ್ಳಿ ಪುಡಿಯ ಹಾಗೆ ಹೊಳೆಯುತ್ತಿತ್ತು. ಸಣ್ಣೀರಕ್ಕ ತೇರಿನಷ್ಟು ಎತ್ತರ. ಹಾಲೇಶಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಮನಸ್ಸು ದೊಡ್ಡದು ತಾಯಿ. ಆದರೆ ಸಭೆಗೆ ಬೇಕಾದ್ದು ಮನಸ್ಸಿಲ್ಲದ ಫೋಟೋ" ಅಂದರು.

ಮನಸ್ಸಿಲ್ಲದ ಫೋಟೋ ತಾನೇ? ಕೊಡುತ್ತೇನೆ ಅಂದುಕೊಂಡು ಅಂಗಡಿಗೆ ಬಂದೆ. ಮನುಷ್ಯ ಒತ್ತಿದರೆ ತಾನೇ ಮನಸ್ಸಿನ ರಗಳೆ. ಯಂತ್ರವೇ ಯಂತ್ರವನ್ನು ಒತ್ತಿಕೊಂಡರೆ? ಹಿಂದೆ ಯಾರೋ ರಿಪೇರಿಗೆ ಕೊಟ್ಟು ಮರೆತುಹೋಗಿದ್ದ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕಪಾಟಿನಲ್ಲಿತ್ತು. ಅದನ್ನು ಇಳಿಸಿ, ಸಣ್ಣ ಸ್ಕ್ರೂಗಳನ್ನೆಲ್ಲ ತಟ್ಟೆಯೊಂದರಲ್ಲಿ ಹಾಕಿಕೊಂಡು ಬಿಚ್ಚಿದೆ. ಬ್ಯಾಟರಿ ತೆಗೆದಿದ್ದೇನೆ, ಇನ್ನೇನು ಭಯ ಅಂತ ಬೆರಳು ಹಾಕಿದರೆ ಫ್ಲ್ಯಾಶಿನ ಕೆಪಾಸಿಟರ್ ಕೂಡಿಟ್ಟುಕೊಂಡಿದ್ದ ಕರೆಂಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡಿತು. ಮೊಣಕೈವರೆಗೆ ಜುಮ್ಮೆಂದು ಎರಡು ನಿಮಿಷ ಕೂತಲ್ಲೇ ಕೂತಿದ್ದೆ. ಬ್ಯಾಟರಿ ತೆಗೆದ ಮೇಲೂ ಸಿಟ್ಟು ಉಳಿಯುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು.

ಒತ್ತುವ ಗುಂಡಿಯ ಒಳಗೆ ಎರಡು ಹಂತ. ಅರ್ಧ ಒತ್ತಿದರೆ ಕ್ಯಾಮೆರಾ ಕಣ್ಣು ಸರಿ ಮಾಡಿಕೊಳ್ಳುತ್ತದೆ, ಪೂರ್ತಿ ಒತ್ತಿದರೆ ಫೋಟೋ. ಎರಡಕ್ಕೂ ಕೂದಲೆಳೆಯಂಥ ತಂತಿ ಬೆಸುಗೆ ಹಾಕಿ ಪಕ್ಕದಲ್ಲಿ ರಂಧ್ರ ಕೊರೆದು ಹೊರಗೆ ತಂದೆ. ಆ ತಂತಿಗಳನ್ನು ಒಂದು ರಿಲೇಗೆ ಕೊಟ್ಟೆ. ರಿಲೇ ಅಂದರೆ ಸಣ್ಣ ಕರೆಂಟು ಬಂದಾಗ ಟಕ್ ಅಂತ ಸೇರಿಕೊಳ್ಳುವ ಸ್ವಿಚ್ಚು, ಬೆರಳಿನ ಕೆಲಸ ಅದು ಮಾಡುತ್ತದೆ. ರಿಲೇಗೆ ಯಾವಾಗ ಒತ್ತಬೇಕು ಅಂತ ಹೇಳಲು, ಟೀವಿ ರಿಮೋಟಿನಿಂದ ಕಿತ್ತ ಕಣ್ಣಿಗೆ ಕಾಣದ ಬೆಳಕಿನ ದೀಪವೊಂದು ಬಾಗಿಲಿನ ಈ ಕಡೆ, ಅದನ್ನು ಹಿಡಿಯುವ ಕಣ್ಣು ಆ ಕಡೆ. ನಡುವೆ ಯಾರಾದರೂ ಅಡ್ಡ ಬಂದರೆ ರಿಲೇ ಟಕ್ ಅನ್ನಬೇಕು, ಕ್ಯಾಮೆರಾ ಕ್ಲಿಕ್ ಅನ್ನಬೇಕು. ಅಂಗಡಿಯಲ್ಲಿ ಪೊರಕೆ ಕಡ್ಡಿ ಅಡ್ಡ ಇಟ್ಟು ಪರೀಕ್ಷೆ ಮಾಡಿದೆ, ಟಕ್ ಅಂತು, ಕ್ಲಿಕ್ ಅಂತು. ಫೋಟೋದಲ್ಲಿ ನನ್ನ ಅಂಗಡಿ ಅರಮನೆಯ ಹಾಗೆ ಕಂಡಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಖುಷಿಯಲ್ಲಿ ಬರಲಿಲ್ಲ.

ಮರುದಿನ ಸಣ್ಣೀರಕ್ಕನ ಅಡುಗೆಮನೆಯಲ್ಲಿ ಇದನ್ನೆಲ್ಲ ಕಟ್ಟಿದೆ. ಅವಳು ಬೇಳೆಗೆ ಒಗ್ಗರಣೆ ಹಾಕುತ್ತಾ, "ಏನವ್ವ ಇದು, ಇಲಿ ಬೋನಾ?" ಅಂದಳು.

"ಪುರಸಭೆಯವರನ್ನ ಹಿಡಿಯೋ ಬೋನು" ಅಂದೆ.

"ಅವ್ರು ಬೀಳೋದಿಲ್ಲ ಬಿಡು. ಬೋನಿನಾಗೆ ಬೀಳೋಕೆ ಹಸಿವು ಇರ್ಬೇಕು."

ಮೊದಲು ಬೆಳಕಿಗೆ ಅಡ್ಡ ಬಂದದ್ದು ಶಾಲೆಯ ಬೆಕ್ಕು. ಓಡಿಹೋಗಿ ಕ್ಯಾಮೆರಾದ ಪರದೆ ನೋಡಿದೆ. ಅಡುಗೆಮನೆ ಎಲ್ಲಿ, ಸಣ್ಣೀರಕ್ಕ ಎಲ್ಲಿ? ಪರದೆಯ ತುಂಬ ಒಂದು ಹಾಲಿನ ಪಾತ್ರೆ, ಬಾವಿಯಷ್ಟು ಅಗಲ, ಮೂಲೆಯಲ್ಲಿ ಎತ್ತಿ ಹಿಡಿದ ಒಂದು ಪೊರಕೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಸಣ್ಣೀರಕ್ಕ ಸೌದೆ ತರಲು ಹೋಗಿ ಅಡ್ಡ ಬಂದಳು, ಕ್ಲಿಕ್. ಅದರಲ್ಲಿ ಗೋಡೆಯೂ ಇಲ್ಲ, ನೆಲವೂ ಇಲ್ಲ, ಅವಳೂ ಇಲ್ಲ. ಕುದಿಯುವ ಅನ್ನದ ಹಂಡೆ ಒಂದು, ಪಕ್ಕದಲ್ಲಿ ಖಾಲಿಯಾಗುತ್ತಾ ಬಂದ ಉಪ್ಪಿನ ಡಬ್ಬಿ. ಅದನ್ನು ನೋಡಿದವಳೇ "ಅಯ್ಯೋ, ಉಪ್ಪು ಹಾಕಿಲ್ಲ ಕಣವ್ವ" ಅಂತ ಓಡಿದಳು.

ನನಗೆ ನಗು ನಿಂತುಹೋಯಿತು. ಬೆಳಕಿಗೆ ಅಡ್ಡ ಬಂದವರೇ ಒತ್ತಿದವರು. ಬೆರಳಿನಲ್ಲಿ ಒತ್ತಿದರೇನು, ಬಾಲದಲ್ಲಿ ಒತ್ತಿದರೇನು, ಮನಸ್ಸು ಹೇಗೋ ತಂತಿ ಹಿಡಿದು ಒಳಗೆ ಹೋಗಿ ಕೂರುತ್ತಿತ್ತು. ಸರಿ, ಯಾರೂ ಅಡ್ಡ ಬರುವುದೇ ಬೇಡ. ದೀಪವನ್ನೂ ಅದರ ಕಣ್ಣನ್ನೂ ಕಿತ್ತು ಹಾಕಿ, ಒಂದು ಅಲಾರಂ ಗಡಿಯಾರ ಬಿಚ್ಚಿ, ಗಂಟೆ ಹೊಡೆಯುವ ತಂತಿಯನ್ನು ರಿಲೇಗೆ ಕೊಟ್ಟೆ. ಗಡಿಯಾರಕ್ಕೆ ಯಾರ ಮೇಲೆ ಏನು ಮನಸ್ಸು? ಮುಳ್ಳು ತಿರುಗಿಸಿಟ್ಟು ನಾವಿಬ್ಬರೂ ಬಾಗಿಲು ಮುಚ್ಚಿಕೊಂಡು ಅಂಗಳಕ್ಕೆ ಬಂದು ಕೂತೆವು. ಒಳಗೆ ಟಕ್ ಅಂತು, ಕ್ಲಿಕ್ ಅಂತು. ಹೋಗಿ ನೋಡಿದರೆ ಪರದೆ ಬೆಳ್ಳಗೆ. ಏನೂ ಇಲ್ಲ. ಸುಣ್ಣ ಬಳಿದ ಗೋಡೆಗಾದರೂ ಒಂದು ಗೆರೆ ಇರುತ್ತದೆ, ಇದರಲ್ಲಿ ಅದೂ ಇಲ್ಲ. ಇನ್ನೊಮ್ಮೆ ಇಟ್ಟೆ, ಮತ್ತೆ ಬಿಳಿ. ಸಂತೆ ಬೀದಿಗೆ ತಿರುಗಿಸಿಟ್ಟೆ, ಬಿಳಿ. ಕೆರೆಗೆ ತಿರುಗಿಸಿಟ್ಟೆ, ಬಿಳಿ. ನನ್ನ ಮೋರೆಗೇ ತಿರುಗಿಸಿಕೊಂಡು ಕೂತೆ. ಬಾಯಿ ಕೂಡ ಬರಲಿಲ್ಲ.

ಭಾನುವಾರ ಸಂಜೆ ಕ್ಯಾಮೆರಾವನ್ನು ಮೇಜಿನ ಮೇಲೆ ಎಸೆದು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಬೆಳಗಾದರೆ ಸಭೆ. ಸಣ್ಣೀರಕ್ಕ ಅಂಗಡಿಗೆ ಬಂದಳು, ಕೈಯಲ್ಲಿ ಎರಡು ಹುರುಳಿಕಾಳಿನ ವಡೆ. ಕೆಲಸ ಹೋಗುವವಳು ಅವಳು, ಸಮಾಧಾನ ಮಾಡಲು ಬಂದದ್ದೂ ಅವಳೇ.

"ಆಗ್ಲಿಲ್ವ?" ಅಂದಳು.

"ಇಲ್ಲಕ್ಕ. ಯಾರೂ ಒತ್ತದಿದ್ದರೆ ಏನೂ ಬರೋದೇ ಇಲ್ಲ. ಬರೀ ಬಿಳಿ."

"ಬರೋದಾದ್ರೂ ಹೆಂಗೆ? ಯಾರೂ ನೋಡ್ದಿದ್ರೆ ಯಾರಿಗೆ ಕಾಣ್ಬೇಕು ಅದು?" ಅಂದು ವಡೆ ನನ್ನ ಮುಂದೆ ಇಟ್ಟಳು. "ತಿನ್ನು, ಆರೋಗ್ತದೆ."

ವಡೆ ಬಾಯಿಗೆ ಇಟ್ಟವಳಿಗೆ ಆಗ ಹೊಳೆಯಿತು. ಸೋತೆ ಅಂತ ನಾನು ಯಾವುದಕ್ಕೆ ಅಳುತ್ತಿದ್ದೆನೋ ಆ ಬಿಳಿಯೇ ನನ್ನ ಕೈಯಲ್ಲಿದ್ದ ಸಾಕ್ಷಿ. ಮನಸ್ಸಿಲ್ಲದೆ ಒತ್ತಿದರೆ ಬರುವುದು ಬಿಳಿ. ಹಾಗಾದರೆ ಮನಸ್ಸೇ ಇಲ್ಲದ ನಿರಂಜನಮೂರ್ತಿಯ ಫೋಟೋದಲ್ಲಿ ಜೇಡರ ಬಲೆ ಎಲ್ಲಿಂದ ಬಂತು? ಸಣ್ಣೀರಕ್ಕನಿಗೆ ಹೇಳಿದೆ. ಅವಳು, "ನಮ್ಗೆ ಅದು ಮೊದ್ಲಿಂದ್ಲೂ ಗೊತ್ತಲ್ಲವ್ವ" ಅಂದಳು. ಅವಳ ಮೇಲೂ ಸಿಟ್ಟು ಬಂತು ನನಗೆ. ಗೊತ್ತಿದ್ದೂ ಇಷ್ಟು ವರ್ಷ ಉಗುಳು ನುಂಗಿಕೊಂಡು ಇದ್ದೆಯಲ್ಲ ಅಂದೆ. "ನಾವು ಹೇಳಿದ್ರೆ ಯಾರು ಕೇಳೋರು? ನೀನು ತಂತಿ ಗಿಂತಿ ಕಟ್ಟಿ ಹೇಳ್ತೀಯ, ಕೇಳ್ತಾರೆ" ಅಂದಳು.

ಸೋಮವಾರ ಸಭೆಗೆ ಹೋದೆವು. ಬೇಳೆ ಬೇಯಲು ಇಟ್ಟು, ಒಲೆ ನೋಡಿಕೊಳ್ಳಲು ಟೀಚರಿಗೆ ಹೇಳಿ ಬಂದಿದ್ದಳು ಸಣ್ಣೀರಕ್ಕ. ತೊಳೆದು ಮಡಿಸಿಟ್ಟ ನೀಲಿ ಸೀರೆ ಉಟ್ಟಿದ್ದಳು. ಹಾಲೇಶಪ್ಪನವರು, ಮೂವರು ಸದಸ್ಯರು, ಗೋಡೆಯ ಪಕ್ಕ ಚೊಂಬು ಹಿಡಿದ ನಿರಂಜನಮೂರ್ತಿ. ನನಗೆ ಕುರ್ಚಿ ಹಾಕಿದರು. ಅವಳಿಗೆ ಹಾಕಲಿಲ್ಲ. ನಾನೂ ಕೂರಲಿಲ್ಲ.

"ಏನಮ್ಮ, ನೀನು ಹೇಳೋದೇನಾದರೂ ಇದೆಯಾ?" ಅಂತ ಹಾಲೇಶಪ್ಪನವರು ಅವಳನ್ನು ಕೇಳಿದರು. ನನಗಾದರೆ ತಾಯಿ, ಅವಳಿಗೆ ನೀನು. ವಯಸ್ಸಿನಲ್ಲಿ ಅವಳು ಅವರಿಗೆ ಅಕ್ಕನ ಸಮ.

"ಅವಳಲ್ಲ, ನಾನು ಹೇಳ್ತೀನಿ" ಅಂದೆ. ಕ್ಯಾಮೆರಾವನ್ನು ಮೇಜಿನ ನಡುವೆ ಇಟ್ಟು ಗಡಿಯಾರದ ಮುಳ್ಳು ತಿರುಗಿಸಿದೆ. "ಇದು ಮನಸ್ಸಿಲ್ಲದ ಫೋಟೋ. ನೀವು ಕೇಳಿದ್ದು ಇದನ್ನೇ. ಯಾರೂ ಮುಟ್ಟಬೇಡಿ."

ಟಕ್, ಕ್ಲಿಕ್. ಪರದೆಯನ್ನು ಅವರ ಕಡೆ ತಿರುಗಿಸಿದೆ. ಬಿಳಿ.

"ಕ್ಯಾಮೆರಾ ಕೆಟ್ಟಿದೆ" ಅಂದರು ಒಬ್ಬ ಸದಸ್ಯರು.

"ಹೌದಾ? ಅಧ್ಯಕ್ಷರೇ, ಆ ಗೋಡೆ ಗಡಿಯಾರದ ಫೋಟೋ ನೀವೇ ಒತ್ತಿ."

ಗಡಿಯಾರದ ಫೋಟೋ ತಾನೇ, ಅದರಲ್ಲೇನು ಅಂತ ಹಾಲೇಶಪ್ಪನವರು ಒತ್ತಿದರು. ಫೋಟೋ ಚೆನ್ನಾಗಿಯೇ ಬಂತು. ಗೋಡೆಯ ಮೇಲೆ ಆಗ ಹನ್ನೊಂದು ಗಂಟೆ. ಫೋಟೋದಲ್ಲಿ ಮಾತ್ರ ಒಂದೂವರೆ, ಗಡಿಯಾರದ ಕೆಳಗೆ ಹಬೆಯಾಡುವ ಮುದ್ದೆ. ಸದಸ್ಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಕ್ಯಾಮೆರಾ ಚೆನ್ನಾಗಿದೆ" ಅಂದೆ. "ಈಗ ಹೇಳಿ. ಯಾರ ಮನಸ್ಸೂ ಇಲ್ಲದೆ ಒತ್ತಿದರೆ ಬಿಳಿ ಬರುತ್ತದೆ. ನಿರಂಜನಮೂರ್ತಿಯವರಿಗೆ ಮನಸ್ಸಿಲ್ಲ. ಅವರ ಫೋಟೋ ಬೆಳ್ಳಗೆ ಇರಬೇಕಿತ್ತು. ಆ ಜೇಡರ ಬಲೆ ಯಾರದು? ಆ ನೊಣ ಯಾರದು? ಉಗುರಿನ ಮಣ್ಣು ಯಾರದು? ಇಷ್ಟು ವರ್ಷ ಕೇರಿಯವರ ಮನೆ ಗೋಡೆಯನ್ನು ಗಿಡ್ಡ ಮಾಡಿದ್ದು ಯಾರು? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುವುದು ಗೊತ್ತಿದ್ದೂ ಆ ಕಣ್ಣಿಗೆ ಸಂಬಳ ಕೊಟ್ಟು ಸಾಕಿದಿರಲ್ಲ, ನಾಚಿಕೆಯಾಗುವುದಿಲ್ಲವೇ ನಿಮಗೆ?"

ನಿರಂಜನಮೂರ್ತಿ ಗೋಡೆಯ ಹತ್ತಿರದಿಂದ ಬಂದು ಮೇಜಿನ ಮೇಲೆ ಕಡತದಲ್ಲಿದ್ದ ತನ್ನದೇ ಫೋಟೋದ ಪ್ರತಿಯನ್ನು ಎತ್ತಿಕೊಂಡು ನೋಡಿದ, ಮೊದಲ ಸಲ ನೋಡುವವನ ಹಾಗೆ.

ಹಾಲೇಶಪ್ಪನವರು ಗಂಟಲು ಸರಿಮಾಡಿಕೊಂಡರು. "ಆಯಿತು. ಒಂದು ಕೆಲಸ ಮಾಡೋಣ. ಇನ್ನೊಂದು ಫೋಟೋ ಆಗಲಿ. ಆಕೆ ಇಲ್ಲೇ ಇದ್ದಾಳಲ್ಲ. ನಿರಂಜನಮೂರ್ತಿ, ಈ ಕ್ಯಾಮೆರಾದಲ್ಲೇ ಒತ್ತಪ್ಪ, ಎಲ್ಲರ ಎದುರಿಗೆ."

ಸಣ್ಣೀರಕ್ಕ ಸೆರಗು ಸರಿಮಾಡಿಕೊಂಡು ಸುಣ್ಣದ ಗೋಡೆಯ ಮುಂದೆ ಹೋಗಿ ನಿಂತಳು. ಕೈ ಎರಡೂ ಮುಂದೆ ಜೋಡಿಸಿಕೊಂಡಳು. ಉಗುರು ಕಾಣಲಿ ಅಂತ ಬೆರಳು ಬಿಡಿಸಿಕೊಂಡಳು. ನಿರಂಜನಮೂರ್ತಿ ಚೊಂಬು ಬಾಗಿಸಿ ಕೈ ತೊಳೆಯಲು ಶುರುಮಾಡಿದ. "ನನಗೆ ಯಾರೂ" ಅಂದ. ಮುಂದಿನ ಮಾತು ಬರಲಿಲ್ಲ. ನೀರು ಸುರಿಯುತ್ತಲೇ ಇತ್ತು, ಚೊಂಬು ಖಾಲಿಯಾಯಿತು, ನೆಲದ ಮೇಲೆ ಹರಿದು ಹಾಲೇಶಪ್ಪನವರ ಚಪ್ಪಲಿ ನೆನೆಯಿತು. ಅವನು ಒದ್ದೆ ಕೈಯಲ್ಲಿ ನಿಂತೇ ಇದ್ದ. ಕ್ಯಾಮೆರಾ ಮುಟ್ಟಲಿಲ್ಲ.

"ಸರಿ, ನೀವು ಒತ್ತಿ" ಅಂತ ಹಾಲೇಶಪ್ಪನವರು ಪಕ್ಕದವರಿಗೆ ಕ್ಯಾಮೆರಾ ಸರಿಸಿದರು. ಪಕ್ಕದವರು ಕನ್ನಡಕ ತಂದಿಲ್ಲ ಅಂದರು. ಕನ್ನಡಕ ಮೂಗಿನ ಮೇಲೇ ಇತ್ತು. ಎರಡನೆಯವರಿಗೆ ಬಲಗೈ ಉಳುಕಿತ್ತಂತೆ. ಮೂರನೆಯವರು ಆ ಶಾಲೆಯಲ್ಲೇ ಓದಿದವರು, ಆ ಕೈಯಿಂದಲೇ ಉಂಡವರು. ಅವರು, "ಅಧ್ಯಕ್ಷರಿರುವಾಗ ನಾನು ಒತ್ತುವುದು ಸರಿಯಲ್ಲ" ಅಂತ ಹಿಂದಕ್ಕೆ ಸರಿಸಿದರು. ಕ್ಯಾಮೆರಾ ಮೇಜು ಸುತ್ತಿ ಮತ್ತೆ ಹಾಲೇಶಪ್ಪನವರ ಮುಂದೆ ಬಂದು ಕೂತಿತು. ಅವರು ತಮ್ಮ ಎರಡೂ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡುವವರನ್ನು ನಾನು ಕಂಡಿದ್ದೆ. ಇಡೀ ಸಭೆಯೇ ಹೆಗಲು ಮುಟ್ಟಿಕೊಳ್ಳುವುದನ್ನು ಅಂದೇ ಕಂಡದ್ದು.

ಅಷ್ಟು ಹೊತ್ತೂ ಸಣ್ಣೀರಕ್ಕ ಗೋಡೆಯ ಮುಂದೆ ಬೆರಳು ಬಿಡಿಸಿಕೊಂಡು ನಿಂತೇ ಇದ್ದಳು.

ನನಗೆ ತಡೆಯಲಾಗಲಿಲ್ಲ. "ಕೊಡಿ ಇತ್ಲಾಗೆ, ನಾನು ಒತ್ತುತ್ತೇನೆ, ಅವಳನ್ನಲ್ಲ, ನಿಮ್ಮನ್ನು" ಅಂತ ಕೈ ಚಾಚಿದೆ. ನನ್ನ ಮನಸ್ಸಿನಲ್ಲಿ ಆಗ ಅವರು ಹೇಗಿದ್ದರು ಅನ್ನುವುದನ್ನು ಬರೆಯಲಾರೆ. ಫೋಟೋ ಬಂದಿದ್ದರೆ ಹಲಗೆಯ ಮೇಲೆ ಅಂಟಿಸಿ ಊರಿಗೆಲ್ಲ ತೋರಿಸುತ್ತಿದ್ದೆ. ಅಷ್ಟರಲ್ಲಿ ಸಣ್ಣೀರಕ್ಕ ಬಂದು ನನ್ನ ಮಣಿಕಟ್ಟು ಹಿಡಿದಳು.

"ನೀನು ಬ್ಯಾಡ ಇಂದಮ್ಮ" ಅಂದು ಕ್ಯಾಮೆರಾ ತಾನೇ ತೆಗೆದುಕೊಂಡಳು. "ಎಲ್ಲಿ ಒತ್ತಬೇಕು ಇದನ್ನ? ಇಲ್ಲೇನಾ?" ಆಮೇಲೆ ಅವರ ಕಡೆ ತಿರುಗಿ, "ಒಸಿ ಒತ್ತೊತ್ತಾಗಿ ಬರ್ರಿ. ನಿರಂಜನಪ್ಪ, ನೀವೂ ಬರ್ರಿ, ಅಷ್ಟು ದೂರ ನಿಂತ್ರೆ ಹೆಂಗೆ" ಅಂದಳು. ಅವರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಅವರು ಅವಳ ಫೋಟೋ ಒತ್ತಬಹುದಾದರೆ ಅವಳು ಅವರದ್ದು ಯಾಕೆ ಒತ್ತಬಾರದು ಅನ್ನುವುದಕ್ಕೆ ಪುರಸಭೆಯ ಕಾನೂನಿನಲ್ಲಿ ಉತ್ತರ ಇರಲಿಲ್ಲ. ಐದು ಮುಖಗಳೂ ಬೆವರಿದವು. ಕ್ಲಿಕ್.

ಅವಳು ಪರದೆ ನೋಡಿ, ತಲೆಯಾಡಿಸಿ, ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟಳು. "ಹೊತ್ತಾತು. ಮಕ್ಳು ತಟ್ಟೆ ಹಿಡ್ಕಂಡು ಕಾಯ್ತಿರ್ತಾವೆ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದಳು. ಯಾರೂ ತಡೆಯಲಿಲ್ಲ.

ಅವಳು ಹೋದ ಮೇಲೆ ಪರದೆಯನ್ನು ಮೊದಲು ನೋಡಿದ್ದು ನಾನು. ಸುಣ್ಣದ ಗೋಡೆಗೆ ಒರಗಿ ಐದು ಹುಡುಗರು ನೆಲದ ಮೇಲೆ ಸಾಲಾಗಿ ಕೂತಿದ್ದರು. ಮೀಸೆ ಇಲ್ಲ, ಹೊಟ್ಟೆ ಇಲ್ಲ, ಶಾಲು ಇಲ್ಲ. ಚಡ್ಡಿ, ಗುಂಡಿ ಕಿತ್ತ ಅಂಗಿ. ಎಲ್ಲರ ಮುಂದೆಯೂ ತಟ್ಟೆ. ಕನ್ನಡಕದವರು ಪಕ್ಕದವನ ತಟ್ಟೆಗೆ ಇಣುಕುತ್ತಿದ್ದರು. ಹಾಲೇಶಪ್ಪನವರು ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದರು, ಇನ್ನೊಮ್ಮೆ ಬಡಿಸಿ ಅನ್ನಲು ನಾಚುವ ಹುಡುಗರು ಮಾಡುವ ಹಾಗೆ. ಕೊನೆಯಲ್ಲಿ ನಿರಂಜನಮೂರ್ತಿ, ಎಲ್ಲರಿಗಿಂತ ಸಣಕಲು, ಬಾಯಾರಿದ ತುಟಿ. ಅವನ ತಟ್ಟೆಯ ಪಕ್ಕದಲ್ಲಿ ಮಾತ್ರ ತುಂಬಿದ ಒಂದು ಲೋಟ ನೀರಿತ್ತು.

ಕ್ಯಾಮೆರಾ ಕೈಯಿಂದ ಕೈಗೆ ಹೋಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಾಲೇಶಪ್ಪನವರು ತಮ್ಮನ್ನು ತಾವು ಬಹಳ ಹೊತ್ತು ನೋಡಿಕೊಂಡರು. ಆಮೇಲೆ, "ವಿಚಾರಣೆ ಮುಂದೂಡಲಾಗಿದೆ" ಅಂದರು. ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಹಲಗೆಯ ಮೇಲಿನ ಫೋಟೋವನ್ನು ಅವರಲ್ಲಿ ಯಾರ ಕೈಯೂ ಕೀಳಲಿಲ್ಲ, ಹೊರಗೆ ಬರುವಾಗ ನಾನೇ ಕಿತ್ತು ಹರಿದೆ. ಅಂದಿನಿಂದ ಇಂದಿನವರೆಗೆ ಆ ವಿಚಾರಣೆ ಮುಂದೂಡಿದ ಜಾಗದಲ್ಲೇ ಇದೆ. ನಡೆಸಬೇಕಾದರೆ ಯಾರಾದರೂ ಒಬ್ಬರು ಅವಳ ಫೋಟೋ ಒತ್ತಬೇಕು. ಒತ್ತುವವರು ಯಾರು? ನಿರಂಜನಮೂರ್ತಿ ಕೆಲಸ ಬಿಟ್ಟ. ಆ ಜಾಗಕ್ಕೆ ಈವರೆಗೆ ಒಬ್ಬರೂ ಅರ್ಜಿ ಹಾಕಿಲ್ಲ.

ಅಂದು ಮಧ್ಯಾಹ್ನ ಬಿಸಿಲಿನಲ್ಲಿ ದುಮುಗುಟ್ಟುತ್ತಾ ಶಾಲೆಗೆ ಹೋದೆ. ಮಕ್ಕಳ ಊಟ ಮುಗಿದಿತ್ತು. ಸಣ್ಣೀರಕ್ಕ ಹಂಡೆ ತಿಕ್ಕುತ್ತಿದ್ದಳು.

"ಅಲ್ಲಕ್ಕ" ಅಂದೆ, "ಅಷ್ಟೆಲ್ಲ ಮಾಡಿದವರು. ಕೂರಲು ಒಂದು ಕುರ್ಚಿ ಕೊಡದವರು. ಅವರು ನಿನ್ನ ಕಣ್ಣಿಗೆ ಹಾಗೆ ಕಂಡರಾ? ಮಕ್ಕಳ ಹಾಗೆ? ನಾಯಿ ನರಿ ಕಾಣಬಾರದಿತ್ತಾ? ನನ್ನ ಕೈಗೆ ಬಿಟ್ಟಿದ್ದರೆ ತೋರಿಸುತ್ತಿದ್ದೆ."

"ಅದ್ಕೇ ಬಿಡ್ಲಿಲ್ಲ" ಅಂದಳು ತಿಕ್ಕುವುದನ್ನು ನಿಲ್ಲಿಸದೆ. "ನಂಗೇನು ಸಿಟ್ಟು ಇಲ್ಲ ಅಂದ್ಕಂಡ್ಯಾ? ಬೇಕಾದಷ್ಟೈತೆ. ಆದ್ರೆ ಎದ್ರಿಗೆ ಸಾಲಾಗಿ ಕುಂತೋರ್ನ ಕಂಡ್ರೆ ನಂಗೆ ಹೊಟ್ಟೆನೇ ಕಾಣೋದು. ಏನ್ಮಾಡ್ಲಿ, ಕಣ್ಣು ಹಂಗೆ ಪಳಗ್ಬಿಟ್ಟೈತೆ."

ಆ ನಿರಂಜನಮೂರ್ತಿಯ ಕಣ್ಣೂ ಪಳಗಿದ್ದೇ, ಇವಳ ಕಣ್ಣೂ ಪಳಗಿದ್ದೇ. ಒಂದಕ್ಕೆ ಪ್ರಮಾಣ ಮಾಡಿಸಿ ಸಂಬಳ ಕೊಟ್ಟರು, ಇನ್ನೊಂದನ್ನು ಗೋಡೆಗೆ ನಿಲ್ಲಿಸಿ ಉಗುರು ನೋಡಿದರು. ಅದನ್ನೇ ಇನ್ನೂ ಹೇಳುತ್ತಿದ್ದೆ, ಜೋರಾಗಿಯೇ ಹೇಳುತ್ತಿದ್ದೆ. ಅವಳು ಕೈ ತೊಳೆದುಕೊಂಡು ಒಂದು ತಟ್ಟೆ ಎಳೆದಳು.

"ಆಯ್ತು, ಬೈಯುವಂತೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಕುಂತ್ಕೋ."

ನೆಲದ ಮೇಲೆ ಕೂತು ಉಂಡೆ. ಎರಡನೆಯ ಸಲ ಕೇಳದೆಯೇ ಬಡಿಸಿದಳು. ಹೊಟ್ಟೆ ತುಂಬಿತು. ಸಿಟ್ಟು ಮಾತ್ರ ಅಂದೂ ಇಳಿಯಲಿಲ್ಲ, ಇಂದಿಗೂ ಇಳಿದಿಲ್ಲ.